ಊರಿನ ಆಟಿ, ಬೆಂಗಳೂರಿನ ತಾರಸಿ: ಕಾಲಕ್ಕೆ ತಕ್ಕಂತೆ ಬೆಳೆದು ಉಣ್ಣುವುದು ಹೇಗೆ?

ಪ್ರಶ್ನೆ (ಪುತ್ತೂರು ಮೂಲ, ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಪುತ್ತೂರಿನ ಕಡೆಯವಳು, ಮದುವೆಯಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ತಾರಸಿಯಲ್ಲಿ ಕುಂಡ ಮತ್ತು ಗ್ರೋ ಬ್ಯಾಗ್‌ಗಳನ್ನು ಇಡುವಷ್ಟು ಜಾಗವೂ ದಿನವಿಡೀ ಬಿಸಿಲೂ ಇದೆ. ಆಯಾ ಕಾಲದಲ್ಲಿ ನೆಲ ಕೊಟ್ಟದ್ದನ್ನೇ ಉಣ್ಣಬೇಕು, ಮೈಯ ಆರೈಕೆಯೂ ಆ ಕಾಲಕ್ಕೆ ಹೊಂದಿರಬೇಕು ಎಂಬ ಕ್ರಮವನ್ನು ಅಮ್ಮ ಇಂದಿಗೂ ಪಾಲಿಸುತ್ತಾರೆ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸಿ, ಮಾವಿನಕಾಯಿಯನ್ನೂ ಹಲಸಿನ ಸೊಳೆಯನ್ನೂ ಉಪ್ಪಿನಲ್ಲಿ ಹಾಕಿಟ್ಟು, ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಗೆ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು), ಒಂದೆಲಗದ ತಂಬುಳಿ ಮಾಡುವ ಮನೆ ನಮ್ಮದು.

ಆದರೆ ಆ ಲೆಕ್ಕ ಬೆಂಗಳೂರಿಗೆ ಕೂಡಿಬರುತ್ತಿಲ್ಲ. ಜೂನ್, ಜುಲೈ ತಿಂಗಳಿನಲ್ಲಿ ಇಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು, ಊರಿನಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಇಲ್ಲಿ ಸುರಿಯತೊಡಗುತ್ತದೆ. ಹಾಗಾದರೆ ಇಲ್ಲಿದ್ದುಕೊಂಡು ಯಾವ ತಿಂಗಳಿನಲ್ಲಿ ಏನನ್ನು ಬಿತ್ತಬೇಕು, ಅಡುಗೆಯನ್ನೂ ಎಣ್ಣೆಸ್ನಾನದಂತಹ ಆರೈಕೆಯನ್ನೂ ಯಾವ ಕಾಲಕ್ಕೆ ಹೊಂದಿಸಿಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಬೆಂಗಳೂರು, ತಾರಸಿ ತೋಟದವರು)

ನಿಮ್ಮ ಗಮನ ಸರಿಯಾಗಿಯೇ ಇದೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಬೀಳುವ ಮಳೆಯು ಬೆಂಗಳೂರಿನ ಇಡೀ ವರ್ಷದ ಮಳೆಗೆ ಹೆಚ್ಚುಕಡಿಮೆ ಸಮ, ಮತ್ತು ನಮ್ಮಲ್ಲಿ ಅತಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಆದ್ದರಿಂದ ಅಮ್ಮನ ಕ್ರಮವನ್ನು ಬಿಡಬೇಕಾಗಿಲ್ಲ, ಅದರ ತಿಂಗಳುಗಳನ್ನು ಮಾತ್ರ ಇಲ್ಲಿನ ಆಕಾಶ ನೋಡಿ ಬದಲಾಯಿಸಿಕೊಳ್ಳಬೇಕು.

ಮೇ ತಿಂಗಳ ಗುಡುಗು ಮಳೆ ಬಿದ್ದ ಕೂಡಲೇ ಹೀರೆ, ಹಾಗಲ, ಪಡವಲದ ಬೀಜ ಹಾಕಿ, ಗಾಳಿ ಬೀಸುವ ಮೊದಲೇ ಚಪ್ಪರವನ್ನು ಬಿಗಿಯಾಗಿ ಕಟ್ಟಿಬಿಡಿ. ಜುಲೈ, ಆಗಸ್ಟ್ ತಿಂಗಳಿನಲ್ಲಿ ಅವರೆಯನ್ನು ಬಿತ್ತಿ. ಅವರೆಯ ನಾಟಿ ತಳಿಗಳು ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲವಾದ್ದರಿಂದ, ಬೇಗ ಬಿತ್ತಿದರೂ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಸಿಗುವುದು ಚಳಿಗಾಲಕ್ಕೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಈ ಹಂಗಿಲ್ಲ. ಆದರೂ ಮಾರ್ಗಶಿರದ ಇಬ್ಬನಿಯಲ್ಲಿ ನೆನೆದ ನಾಟಿ ಕಾಯಿಯನ್ನು ಬಿಡಿಸುವಾಗ ಬೆರಳಿಗೆ ಅಂಟಿಕೊಂಡು, ಕೈ ತೊಳೆದರೂ ಹೋಗದೆ ಉಳಿಯುವ ಆ ಸೊಗಡಿಗಾಗಿ ನಾನು ನಾಟಿಯನ್ನೇ ಬೆಳೆಯುತ್ತೇನೆ.

ಮೂಲಂಗಿ, ಕ್ಯಾರೆಟ್, ಮೆಂತ್ಯ, ಕೊತ್ತಂಬರಿಗಳನ್ನು ಅಕ್ಟೋಬರ್ ಮಳೆಯ ರಭಸ ತಗ್ಗಿದ ಮೇಲೆ ಹಾಕಿದರೆ ಎಳೆಯ ಸಸಿ ಕೊಳೆಯುವುದಿಲ್ಲ. ಮೆಂತ್ಯ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ. ಬೇಸಿಗೆಗೆ ಬಸಳೆ ಮತ್ತು ಬೆಂಡೆ ಸಾಕು. ಪತ್ರೊಡೆಯ ಕೆಸುವನ್ನು ನೀರಿನ ಟ್ಯಾಂಕಿನ ನೆರಳಿನಲ್ಲಿ ಅಗಲವಾದ ಕುಂಡದಲ್ಲಿಡಿ, ಒಂದೆಲಗವೂ ಅದರ ಬುಡದಲ್ಲಿಯೇ ಹಬ್ಬಿಕೊಳ್ಳುತ್ತದೆ.

ಇನ್ನು ಎಣ್ಣೆಸ್ನಾನ. ಇಲ್ಲಿ ಚಳಿಗಾಲದ ಬೆಳಗಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುವುದರಿಂದ, ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೊಂಡು, ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ಮೀಯುವುದು ಹಿತವಾಗಿರುತ್ತದೆ. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಗಳೂ ಒಣ ಚಳಿಗೆ ಬೇಕಾದ ಜಿಡ್ಡನ್ನೇ ಕೊಡುತ್ತವೆ.

ಉತ್ತರ 2 (ಧಾರವಾಡ)

ಮೇಲಿನವರ ಮಾತಿಗೆ ನಮ್ಮ ಕಡೆಯ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮತ್ತು ಕಡಲೆಯನ್ನು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತುತ್ತಾರೆ, ಆಮೇಲೆ ಬೆಳೆ ನಿಲ್ಲುವುದು ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ. ಹೀಗಾಗಿ ನಮಗೆ ಊಟದ ಸಂಭ್ರಮವೆಲ್ಲ ಚಳಿಗಾಲದಲ್ಲಿಯೇ. ಎಳ್ಳಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತೇವೆ, ಮುಂದೆ ಜೋಳದ ತೆನೆ ಹಾಲುಗಾಳಾದಾಗ ಅದನ್ನು ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುತ್ತೇವೆ. ಕಡಲೆ ಸೊಪ್ಪನ್ನು ಕುಂಡದಲ್ಲಿಯೂ ಬೆಳೆಯಬಹುದು, ಬೆಂಗಳೂರಿನ ಚಳಿ ಅದಕ್ಕೆ ಸಾಕಾಗುತ್ತದೆ. ಕಡಲೆಯ ಎಲೆಯ ಮೇಲೆ ಸಣ್ಣ ಹನಿಗಳಾಗಿ ಹುಳಿ ಒಸರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದರೆ ತಿಳಿಯುತ್ತದೆ. ಕುಡಿಯನ್ನು ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಆದರೆ ಹೂ ಬಂದ ಮೇಲೆ ಚಿವುಟಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅವರೆ ಮತ್ತು ಕಡಲೆ ಸೊಪ್ಪಿಗೆ ಈ ವರ್ಷವೇ ಜಾಗ ಮಾಡುತ್ತೇನೆ. ಇನ್ನೊಂದು ವಿಷಯ ಕೇಳಬೇಕಿತ್ತು. ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯವನ್ನು ಮಕ್ಕಳಿಗೂ ಕೊಡಬೇಕೆಂಬ ಆಸೆ ಇದೆ. ಇಲ್ಲಿ ಪರಿಚಯದವರೊಬ್ಬರು ತೊಗಟೆಯನ್ನು ತಂದುಕೊಡುತ್ತೇನೆ ಎಂದಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ 3 (ಸುಳ್ಯ)

ಅಕ್ಕಾ, ಆ ತೊಗಟೆ ಯಾವ ಮರದ್ದು ಎಂಬುದು ಖಚಿತವಾಗದೆ ದಯವಿಟ್ಟು ತೆಗೆದುಕೊಳ್ಳಬೇಡಿ. ಮುಂಜಾನೆಯ ಕತ್ತಲಿನಲ್ಲಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವ ಪದ್ಧತಿ ನಮ್ಮಲ್ಲಿರುವುದು ನಿಮಗೂ ಗೊತ್ತು. ಆ ಕತ್ತಲಿನಲ್ಲಿ ಹಾಲೆಯ ಬದಲು ಕಾಸರಕದ ತೊಗಟೆ ಬಂದುಬಿಟ್ಟರೆ ಅದು ಪ್ರಾಣಕ್ಕೇ ಎರವಾಗುತ್ತದೆ, ಏಕೆಂದರೆ ಕಾಸರಕದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಹಿರಿಯರು ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ನೋಡಿ, ಬಳ್ಳಿ ಕಟ್ಟಿ ಗುರುತು ಮಾಡಿ ಬರುತ್ತಿದ್ದುದು ಇದೇ ಕಾರಣಕ್ಕೆ. ಹಾಲೆ ಮರದಲ್ಲಿ ಒಂದೇ ಗಿಣ್ಣಿನ ಸುತ್ತ ಹಲವು ಎಲೆಗಳು, ಸಾಮಾನ್ಯವಾಗಿ ಏಳರವರೆಗೆ, ಚಕ್ರದಂತೆ ಹರಡಿರುತ್ತವೆ ಮತ್ತು ತೊಗಟೆಯನ್ನು ಗೀರಿದರೆ ಬಿಳಿಯ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು ಇರುತ್ತವೆ, ಎಲೆಯ ಬುಡದಿಂದಲೇ ದಪ್ಪ ನರಗಳು ಹೊರಡುತ್ತವೆ, ಹಾಲು ಬರುವುದಿಲ್ಲ. ಆದರೆ ತೊಗಟೆಯ ಚೂರು ಮಾತ್ರ ಕೈಗೆ ಬಂದಾಗ ಈ ಗುರುತುಗಳಲ್ಲಿ ಒಂದೂ ಉಳಿದಿರುವುದಿಲ್ಲ.

ಕಣಿಲೆಯ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ, ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆ ನೀರನ್ನೆಲ್ಲ ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ಬಳಸಬೇಕು. ಕೆಸುವಿನ ತುರಿಕೆಗೆ ಹುಣಸೆಹುಳಿ ಮತ್ತು ಹದವಾದ ಹಬೆ ಸಾಕು.

ಮಕ್ಕಳಿಗಂತೂ ಕಷಾಯ ಬೇಡ. ಕಷಾಯ ಕುಡಿದ ಮೇಲೆ ಹೊಟ್ಟೆ ತಂಪಾಗಲೆಂದು ಮಾಡುವ ಮೆಂತೆ ಗಂಜಿಯನ್ನು ಅವರಿಗೆ ಕೊಡಿ. ರಾತ್ರಿ ನೆನೆಸಿದ ಒಂದು ಚಮಚ ಮೆಂತೆಯನ್ನು ಒಂದು ಲೋಟ ಕುಚ್ಚಲಕ್ಕಿಯೊಂದಿಗೆ ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಒಲೆಯಿಂದ ಇಳಿಸುವ ಮುನ್ನ ದಪ್ಪ ತೆಂಗಿನಹಾಲು ಬೆರೆಸಿ ಒಂದೇ ಕುದಿ ಬರಿಸಿ. ಹೆಚ್ಚು ಕುದಿಸಿದರೆ ಹಾಲು ಒಡೆಯುತ್ತದೆ. ಬೆಂಗಳೂರಿನಲ್ಲಿ ಇದನ್ನು ಆಟಿಗೆ ಮಾತ್ರ ಸೀಮಿತಗೊಳಿಸದೆ, ಸೆಪ್ಟೆಂಬರ್ ತಿಂಗಳ ಜಡಿಮಳೆಯ ದಿನಗಳಲ್ಲಿ ಇನ್ನೊಮ್ಮೆ ಮಾಡಬಹುದು.