ಹಳೇ ಬುಲೆಟ್ 350: 3.25-19 ಸಿಗ್ತಿಲ್ಲ, ಬದಲಿಗೆ 100/90-19 ಹಾಕಬಹುದಾ?

ಕಲ್ಯಾಣಪುರ_ಕಾಸ್ಟ್‌ಐರನ್

ಎಲ್ಲರಿಗೂ ನಮಸ್ಕಾರ. ಗಾಡಿ 1984ರ ಬುಲೆಟ್ 350 ಸ್ಟ್ಯಾಂಡರ್ಡ್. ಎರಡೂ ಚಕ್ರ 19 ಇಂಚು, ಸ್ಪೋಕ್ ರಿಮ್ಮು, ಈಗ ಇರುವುದು ಹಿಂದೆ ಮುಂದೆ ಎರಡೂ 3.25-19. ಹಲ್ಲು ಅರ್ಧಕ್ಕಿಂತ ಜಾಸ್ತಿ ಉಂಟು, ಆದರೆ ಪಕ್ಕದ ಗೋಡೆಯಲ್ಲಿ ಸುತ್ತಲೂ ಸಣ್ಣ ಬಿರುಕು. ಉಡುಪಿಯ ಅಂಗಡಿಯಲ್ಲಿ ಕೇಳಿದರೆ "3.25-19 ತರಿಸಬೇಕು, ಲೇಟಾಗ್ತದೆ. ಮುಂದಕ್ಕೆ 100/90-19, ಹಿಂದಕ್ಕೆ 110/90-18 ಹಾಕಿ, ಅದೂ ಬುಲೆಟ್ಟಿಂದೇ" ಅಂತಾರೆ. ಓಡಾಟ ಹೆಚ್ಚಾಗಿ ಹೆದ್ದಾರಿ 66, ಆಗಾಗ ಆಗುಂಬೆ ಘಾಟಿ. ಹೆಚ್ಚಿನ ಸಲ ಹಿಂದೆ ಒಬ್ಬರು ಇರ್ತಾರೆ.

ಕೇಳುವುದು ಇಷ್ಟು: ಅಂಗಡಿಯವರ ಮಾತು ನಂಬಬಹುದಾ? ಮುಂದೆ ಗೆರೆ ಪಟ್ಟಿಯ (ಸುತ್ತಲೂ ಉದ್ದ ಗೆರೆ ಇರುವ) ಟಯರೇ ಬೇಕಾ, ಬ್ಲಾಕ್ ಪ್ಯಾಟರ್ನ್ (ಬಿಡಿ ಬಿಡಿ ಕಟ್ಟಿನದು) ಸಾಕಾ? ಟ್ಯೂಬ್‌ಲೆಸ್ ಮಾಡಿಸಬಹುದಾ? ಮಳೆಗಾಲ ಮುಗಿಯುವವರೆಗೆ ಈ ಬಿರುಕಿನ ಟಯರಲ್ಲೇ ದೂಡಬಹುದಾ?

ಪಂಪ್‌ವೆಲ್_350

ಅಣ್ಣ, ಮೊದಲು 18ರ ಮಾತು ಬಿಡಿ. 18 ಇಂಚಿನ ಟಯರ್ 19ರ ರಿಮ್ಮಿಗೆ ಏರುವುದೇ ಇಲ್ಲ. ಅವರು ಹೇಳಿದ್ದು ಆಮೇಲೆ ಬಂದ ಮಾಡೆಲ್‌ನ ಲೆಕ್ಕ. ಅದರ ಹಿಂದಿನ ರಿಮ್ಮೇ ಬೇರೆ.

100/90-19 (100 ಎಂಎಂ ಅಗಲ, ಗೋಡೆಯ ಎತ್ತರ ಅದರ ನೂರಕ್ಕೆ 90, ರಿಮ್ಮು 19 ಇಂಚು) ಮಾತ್ರ ಏರ್ತದೆ, ಗಾಳಿಯೂ ನಿಲ್ತದೆ. ಅದಕ್ಕೇ ಜನ ಮೋಸ ಹೋಗುವುದು. ನಿಮ್ಮ ರಿಮ್ಮು ಡಬ್ಲ್ಯುಎಂ2, ಅಂದರೆ 1.85 ಇಂಚು ಅಗಲ. ವಾಲ್ವ್ ತೂತಿನ ಹತ್ತಿರ ಅಚ್ಚು ಒತ್ತಿರ್ತದೆ. ಅದು ತುಕ್ಕಲ್ಲಿ ಮುಚ್ಚಿದ್ದರೆ ಟಯರ್ ಬಿಚ್ಚಿ ರಿಮ್ಮಿನ ಎರಡು ಅಂಚಿನ ಒಳಗಿಂದ ಒಳಕ್ಕೆ ಅಳೆಯಿರಿ, 47 ಎಂಎಂ ಬರಬೇಕು. ಹೊರಗಿಂದ ಹೊರಕ್ಕೆ ಅಳೆದರೆ ಜಾಸ್ತಿ ಬರ್ತದೆ, ಆ ಲೆಕ್ಕದಲ್ಲಿ ದೊಡ್ಡ ಟಯರ್ ತಗೊಂಡು ಬರ್ತಾರೆ. 100/90ಕ್ಕೆ ಕಡಿಮೆ ಅಂದರೂ 2.15 ಇಂಚಿನ ರಿಮ್ಮು ಬೇಕು, ಸರಿಯಾಗಿ ಕೂರುವುದು 2.50ರಲ್ಲಿ. ಅದನ್ನು 1.85ಕ್ಕೆ ಹಾಕಿದರೆ ಎರಡೂ ಬೀಡ್ (ರಿಮ್ಮಿನಲ್ಲಿ ಕೂರುವ ಟಯರಿನ ಅಂಚು) ಒಳಕ್ಕೆ ಹಿಸುಕಿ ನಡುಭಾಗ ಮೇಲೆ ಉಬ್ಬುತ್ತದೆ. ನೆಟ್ಟಗೆ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಕಿರಿದಾದ ಪಟ್ಟಿ ಮಾತ್ರ, ಸವೆಯುವುದೂ ಅದೇ. ಆಗುಂಬೆಯ ತಿರುವಿನಲ್ಲಿ ಗಾಡಿ ಮೆಲ್ಲಗೆ ವಾಲುವ ಬದಲು ಒಂದು ಹಂತ ದಾಟಿದ ಕೂಡಲೇ ಧಡಕ್ಕನೆ ಬೀಳ್ತದೆ. ಅಗಲ ಟಯರ್ ಅಂದರೆ ಹಿಡಿತ ಜಾಸ್ತಿ ಅನ್ನುವುದು ರಿಮ್ಮೂ ಅಷ್ಟೇ ಅಗಲ ಇದ್ದರೆ ಮಾತ್ರ.

ಸರಿಯಾದ ಉತ್ತರ ಎರಡೂ ಕಡೆ 3.25-19. ಎಂಆರ್‌ಎಫ್ ನೈಲೋಗ್ರಿಪ್‌ನಲ್ಲಿ ಈ ಸೈಜ್ ಉಂಟು. ಆರ್ಡರ್ ಮಾಡಿ ತರಿಸಬೇಕಾದರೆ ತರಿಸಿ, ವಾರ ಕಾಯುವುದರಲ್ಲಿ ನಷ್ಟ ಇಲ್ಲ. ತೀರಾ ಸಿಗದಿದ್ದರೆ ಮುಂದಕ್ಕೆ ಮಾತ್ರ 90/90-19 ಆಗ್ತದೆ, ಅದು 1.85ರ ರಿಮ್ಮಿಗೆ ಸೈ. 90/90ಕ್ಕೂ 100/90ಕ್ಕೂ ವ್ಯಾಸದಲ್ಲಿ 18 ಎಂಎಂ ಅಂತರ, ಅಂದರೆ 100/90 ಹಾಕಿದರೆ ಮಡ್‌ಗಾರ್ಡ್ ಕೆಳಗೆ 9 ಎಂಎಂ ಜಾಗ ಹೋಯಿತು. ಕೆಸರು ತುಂಬಿದಾಗ ಅದು ಗೊತ್ತಾಗ್ತದೆ.

ಹಿಂದಕ್ಕೆ ಲೋಡ್ ಇಂಡೆಕ್ಸ್ (ಟಯರ್ ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ) ನೋಡಿಯೇ ತಗೊಳ್ಳಿ. ಗೋಡೆಯ ಮೇಲೆ 54ಪಿ ಅಂತ ಇದ್ದರೆ 54 ಅಂದರೆ 212 ಕೆಜಿ, ಪಿ ಅಂದರೆ ಗಂಟೆಗೆ 150 ಕಿ.ಮೀ. 52 ಇದ್ದರೆ 200 ಕೆಜಿ. ಹಿಂದೆ ಜನ ಕೂತು, ಘಾಟಿ ಹತ್ತುವ ಗಾಡಿಗೆ 54ಕ್ಕಿಂತ ಕೆಳಗೆ ಇಳಿಯಬೇಡಿ.

ಬಿರುಕಿನ ಟಯರ್ ವಿಷಯ ಒಂದೇ ಮಾತು: ಬೇಡ. ಹಲ್ಲು ಎಷ್ಟು ಉಳಿದಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಪರೂಪಕ್ಕೆ ಓಡುವ ಹಳೇ ಗಾಡಿಗಳ ಟಯರ್ ಸವೆಯುವ ಮೊದಲೇ ಮುದಿಯಾಗ್ತದೆ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ, ಬಿರುಕಿನಿಂದ ನೀರು ಒಳಗಿನ ನೈಲಾನ್ ಪದರಕ್ಕೆ ಹೋಗ್ತದೆ.

ಮಲ್ಪೆ_ಗಾಳಿ

ಪ್ಯಾಟರ್ನ್ ಬಗ್ಗೆ. ಹಳೇ ಬುಲೆಟ್ಟಿಗೆ ಮುಂದೆ ಗೆರೆ ಪಟ್ಟಿ ಚಂದ, ಅದರಲ್ಲಿ ಎರಡು ಮಾತಿಲ್ಲ. ನೆಟ್ಟಗಿನ ಡಾಂಬರು ರಸ್ತೆಯಲ್ಲಿ ಸ್ಟೇರಿಂಗ್ ಹಗುರ, ನೀರೂ ಗೆರೆಗುಂಟ ಹೊರಗೆ ಹೋಗ್ತದೆ. ಆದರೆ ನಮ್ಮ ಮಂಗಳೂರು-ಉಡುಪಿ ಕಡೆಯ ಒಳರಸ್ತೆ ನೋಡಿ: ಕಾಂಕ್ರೀಟ್ ಹಾಸು, ಪಕ್ಕದಲ್ಲಿ ಮೂರು ನಾಲ್ಕು ಇಂಚು ಕೆಳಗೆ ಕೆಂಪು ಮಣ್ಣು. ಎದುರಿಂದ ಬಸ್ ಬಂದಾಗ ಮಣ್ಣಿಗೆ ಇಳಿದು ಮತ್ತೆ ಹತ್ತಬೇಕಾಗ್ತದೆ. ಗೆರೆ ಪಟ್ಟಿಯ ಟಯರ್ ಓರೆಯಾಗಿ ಆ ಅಂಚಿಗೆ ತಾಗಿದರೆ ಹತ್ತುವುದಿಲ್ಲ, ಅಂಚಿನ ಉದ್ದಕ್ಕೇ ಉಜ್ಜಿಕೊಂಡು ಹೋಗ್ತದೆ. ಎರಡು ಕಾಂಕ್ರೀಟ್ ಹಾಸಿನ ನಡುವಿನ ಉದ್ದ ಸಂದಿಯಲ್ಲೂ ಅದೇ ಚಾಳಿ, ಮುಂದಿನ ಚಕ್ರ ಸಂದಿಯ ಹಿಂದೆಯೇ ಹೋಗ್ತದೆ. ಒದ್ದೆ ಕೆಂಪು ಮಣ್ಣಲ್ಲಂತೂ ಅಡ್ಡಕ್ಕೆ ಹಿಡಿತವೇ ಇಲ್ಲ.

ಹಾಗಾಗಿ ಬರೀ ಬೇಸಿಗೆಯ ಭಾನುವಾರದ ಗಾಡಿಯಾದರೆ ಗೆರೆ ಪಟ್ಟಿ ಹಾಕಿ. ಮಳೆಯಲ್ಲೂ ಓಡಿಸುವುದಾದರೆ ಎರಡೂ ಕಡೆ ಬ್ಲಾಕ್.

ಹಿಂದೆ ಮುಂದೆ ಒಂದೇ ಸೈಜ್ ಅಂತ ಹಿಂದೆ ಸವೆದದ್ದನ್ನು ಮುಂದಕ್ಕೆ ಹಾಕುವ ಬುದ್ಧಿವಂತಿಕೆ ಬೇಡ. ಹಿಂದಿನದು ನಡುವಲ್ಲಿ ಚಪ್ಪಟೆಯಾಗಿರ್ತದೆ, ಮುಂದೆ ಬಂದರೆ ತಿರುವಿಗೆ ವಾಲುವಾಗ ಆ ಚಪ್ಪಟೆಯ ಅಂಚು ಕೈಗೆ ತಡೆ ಕೊಡ್ತದೆ.

ಟ್ಯೂಬ್‌ಲೆಸ್ ಮರೆತುಬಿಡಿ. ಸ್ಪೋಕ್ ನಿಪ್ಪಲ್‌ನ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಟ್ಟಿನ) ಪ್ರತಿ ತೂತಿಂದಲೂ ಗಾಳಿ ಹೋಗ್ತದೆ. ಟೇಪು, ಸೀಲೆಂಟ್ ಹಚ್ಚಿ ನಿಲ್ಲಿಸಿದರೂ ಹಳೇ ರಿಮ್ಮಿನಲ್ಲಿ ಬೀಡನ್ನು ಹಿಡಿದಿಡುವ ಏಣು ಇಲ್ಲ. ಗಾಳಿ ಇಳಿದರೆ ಟಯರ್ ನಡುವಿನ ಗುಂಡಿಗೆ ಜಾರ್ತದೆ. ಮತ್ತೆ ಸ್ಪೋಕ್ ಬಿಗಿ ಮಾಡಿದಾಗಲೆಲ್ಲ ಸೀಲೆಂಟ್ ಒಡೆಯುತ್ತದೆ.

ಕಲ್ಯಾಣಪುರ_ಕಾಸ್ಟ್‌ಐರನ್

ತುಂಬಾ ಉಪಕಾರ ಆಯ್ತು. 3.25-19 ಎರಡು ತರಿಸಲು ಹೇಳಿದ್ದೇನೆ. ಹಳೆಯ ಸ್ಟಾಕ್ ಕೊಟ್ಟುಬಿಡ್ತಾರಾ ಅಂತ ಸಂಶಯ. ಇನ್ನೊಂದು, ಮುಂದಿನ ರಿಮ್ಮಿನ ಹೊರಗೇ ನಿಪ್ಪಲ್ ಸುತ್ತ ತುಕ್ಕು ಕಾಣ್ತದೆ. ಒಳಗೆ ಹೇಗೋ ಏನೋ. ಟಯರ್ ಹಾಕುವಾಗ ಎಂತೆಲ್ಲ ನೋಡಿಕೊಳ್ಳಬೇಕು?

ಕಡ್ಡಿ_ರಿಮ್ಮು

ಸ್ಟಾಕಿಗೆ ಸುಲಭ. ಗೋಡೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರ್ತದೆ. 2324 ಅಂದರೆ 2024ರ 23ನೇ ವಾರ. ಬೇಗ ಖರ್ಚಾಗದ ಸೈಜ್ ಆದ್ದರಿಂದ ಗೋದಾಮಲ್ಲಿ ಬಿದ್ದ ಮಾಲು ಬರುವುದುಂಟು. ಒಂದು ವರ್ಷದ ಒಳಗಿನದ್ದು ಬೇಕು ಅಂತ ದುಡ್ಡು ಕೊಡುವ ಮೊದಲೇ ಹೇಳಿ. ಟ್ಯೂಬ್ ಎರಡೂ ಹೊಸದೇ ತಗೊಳ್ಳಿ, ಮೇಲೆ 3.25/3.50-19 ಅಂತ ಇರಬೇಕು. 18ರ ಟ್ಯೂಬ್ ಎಳೆದು ಹಾಕುವವರಿದ್ದಾರೆ, ಅದು ತೆಳ್ಳಗಾಗಿ ವಾಲ್ವಿನ ಬುಡದಲ್ಲೇ ಹರಿಯುತ್ತದೆ. ಬುಡದಲ್ಲಿ ಹರಿದದ್ದಕ್ಕೆ ಪ್ಯಾಚ್ ನಿಲ್ಲುವುದಿಲ್ಲ.

ಇನ್ನು ತುಕ್ಕು. ನಮ್ಮ ಕಡಲ ಗಾಳಿಗೆ ಟಯರಿಗಿಂತ ಮೊದಲು ಹೋಗುವುದು ರಿಮ್ಮು, ಅದೂ ಒಳಗಿಂದ. ಕ್ರೋಮ್ ಹೊರಗೆ ಮಿಂಚುತ್ತಾ ಇರ್ತದೆ, ಒಳಗೆ ತೆಳು. ನಿಪ್ಪಲ್ ತೂತಿಂದ ಉಪ್ಪುನೀರು ಇಳಿದು ಬಟ್ಟೆಯ ರಿಮ್ ಟೇಪಿನಲ್ಲಿ ಹಾಗೇ ಕೂತಿರ್ತದೆ. ಟಯರ್ ಬಿಚ್ಚಿದ ಮೇಲೆ ಆ ಟೇಪ್ ಕಿತ್ತು ಬಿಸಾಡಿ. ತಂತಿ ಬ್ರಷ್, ಆಮೇಲೆ 80 ನಂಬರ್ ಉಜ್ಜು ಕಾಗದ. ಉಜ್ಜಿದ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ನಿಪ್ಪಲ್ ತೂತಿನ ಸುತ್ತ ಮತ್ತು ರಿಮ್ಮಿನ ಬೆಸುಗೆ ಗೆರೆಯ ಮೇಲೆ ಒತ್ತಿ ನೋಡಿ. ತುಕ್ಕು ಸಿಪ್ಪೆಯಾಗಿ ಏಳುತ್ತಿದ್ದರೆ ಅಥವಾ ತೂತಿನ ಅಂಚಲ್ಲಿ ಬಿರುಕು ಇದ್ದರೆ ಹೊಸ ಟಯರ್ ಹಾಕುವುದು ವ್ಯರ್ಥ, ಮೊದಲು ರಿಮ್ಮು ಬದಲಿಸಿ ಸ್ಪೋಕ್ ಕಟ್ಟಿಸಿ. ಬರೀ ಮೇಲ್ಮೈ ತುಕ್ಕಾದರೆ ಜಿಂಕ್ ಪ್ರೈಮರ್ ಎರಡು ಕೋಟ್, ಒಂದು ದಿನ ಪೂರ್ತಿ ಒಣಗಬೇಕು. ಬೀಡ್ ಕೂರುವ ಜಾಗದಲ್ಲಿ ದಪ್ಪ ಬಳಿಯಬೇಡಿ, ಟಯರ್ ಒಂದು ಕಡೆ ಎತ್ತಿ ಕೂರ್ತದೆ.

ನಿಪ್ಪಲ್ ದಾಟಿ ಹೊರಗೆ ಬಂದ ಸ್ಪೋಕ್ ತುದಿ ಇದ್ದರೆ ಅರದಿಂದ ಸಪಾಟು ಮಾಡಿ. ಕಾರಣವೇ ಇಲ್ಲದೆ ಪಂಕ್ಚರ್ ಆಗ್ತದೆ ಅನ್ನುವ ಹಳೇ ಗಾಡಿಗಳಲ್ಲಿ ಅರ್ಧ ಇದೇ ಕೇಸು, ಟ್ಯೂಬಿನ ಒಳಮೈಯಲ್ಲಿ ಸೂಜಿ ತೂತು ಇರ್ತದೆ, ಟಯರಲ್ಲಿ ಮೊಳೆ ಸಿಗುವುದಿಲ್ಲ. ಚಕ್ರ ತಿರುಗಿಸಿ ನೋಡಿ, ಅಡ್ಡಕ್ಕೆ 2 ಎಂಎಂಗಿಂತ ಜಾಸ್ತಿ ಓಲಾಡಿದರೆ ಈಗಲೇ ಸ್ಪೋಕ್ ಎಳೆಸಿ, ಟಯರ್ ಹಾಕಿದ ಮೇಲೆ ಅಲ್ಲ. ಆಮೇಲೆ ರಬ್ಬರ್ ರಿಮ್ ಟೇಪ್. ಸಿಗದಿದ್ದರೆ ಹಳೇ ಟ್ಯೂಬಿಂದ ಪಟ್ಟಿ ಕತ್ತರಿಸಿ ಹಾಕಬಹುದು, ಬಟ್ಟೆ ಮಾತ್ರ ಮತ್ತೆ ಬೇಡ.

ಹಾಕುವಾಗ ಕಾರಿನ ಮಿಷನ್ನಿಗೆ ಕೊಡಬೇಡಿ, ಕೈ ಲಿವರ್ ಸಾಕು. ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ, ಮೇಲೆ ಟಾಲ್ಕಂ ಪೌಡರ್. ಬೀಡಿಗೆ ಸೋಪಿನ ನೀರು. ಗ್ರೀಸು, ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಹಾಳು, ಬ್ರೇಕ್ ಹಾಕಿದಾಗ ಟಯರ್ ರಿಮ್ಮಿನ ಮೇಲೆ ಜಾರ್ತದೆ. ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ತುಂಡು ಬಿಗಿ ಅನ್ನಿಸಿದರೆ ಲಿವರ್‌ಗೆ ಬಲ ಹಾಕುವುದಲ್ಲ, ಎದುರು ಬದಿಯ ಬೀಡನ್ನು ಮೊಣಕಾಲಿಂದ ರಿಮ್ಮಿನ ನಡುಗುಂಡಿಗೆ ಒತ್ತಿ, ತಾನೇ ಸಡಿಲ ಆಗ್ತದೆ. ಮುಗಿದ ಕೂಡಲೇ ವಾಲ್ವನ್ನು ಬೆರಳಿಂದ ಒಳಕ್ಕೆ ದೂಡಿ ಬಿಡಿ, ಬೀಡಿನ ಅಡಿ ಸಿಕ್ಕಿದ ಟ್ಯೂಬ್ ಬಿಡಿಸಿಕೊಳ್ತದೆ.

ಗಾಳಿ 40 ಪಿಎಸ್‌ಐ ಮೀರದ ಹಾಗೆ ಹಾಕಿ, ಗೋಡೆಯ ತಳದ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿ ಉಂಟಾ ನೋಡಿ. ಪೂರ್ತಿ ಇಳಿಸಿ ಇನ್ನೊಮ್ಮೆ ತುಂಬಿ, ಟ್ಯೂಬಿನ ಮಡಿಕೆ ಬಿಟ್ಟುಕೊಳ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ಒತ್ತಿ ಇಡಿ. ಟಯರ್ ಜಾರಿದರೆ ವಾಲ್ವ್ ಓರೆಯಾಗಿ ಕಾಣ್ತದೆ, ನಟ್ ಬಿಗಿದಿದ್ದರೆ ಕಾಣದೆ ಹರಿಯುತ್ತದೆ.

ಬಾಣದ ಗುರುತಿದ್ದರೆ ಗಮನ ಕೊಡಿ. ಎರಡೂ ಕಡೆಗೆ ಆಗುವ ಟಯರಲ್ಲಿ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೆ ತದ್ವಿರುದ್ಧ ಇನ್ನೊಂದು ಬಾಣ ಇರುವುದುಂಟು. ಯಾಕಂದರೆ ಟಯರಿನ ಮೇಲೆ ಮುಂದೆ ಬ್ರೇಕಿನ ಎಳೆತ, ಹಿಂದೆ ಇಂಜಿನ್ನಿನ ಎಳೆತ.

ಪಂಪ್‌ವೆಲ್_350

ಮೇಲಿನವರು ಎಲ್ಲ ಹೇಳಿದ್ದಾರೆ, ಹಿಂದಿನ ಚಕ್ರ ಕೂರಿಸುವುದೊಂದು ಬಾಕಿ. ಚೈನ್ ಬಿಗಿ ಮಾಡಲು ಎರಡೂ ಬದಿ ಇರುವ ಬಸವನಹುಳು ಕ್ಯಾಮ್ ಒಂದೇ ಹಲ್ಲಿನಲ್ಲಿ ಇರಲಿ, ಇಲ್ಲದಿದ್ದರೆ ಹೊಸ ಟಯರ್ ಒಂದು ಬದಿ ತಿಂದುಹೋಗ್ತದೆ. ಕೊನೆಗೆ ಆಕ್ಸಲ್ ಬಿಗಿಯುವ ಮೊದಲು ಬ್ರೇಕ್ ಪೆಡಲ್ ಜೋರಾಗಿ ಒತ್ತಿ ಹಿಡಿದು ಬಿಗಿಯಿರಿ, ಬ್ರೇಕ್ ಲೈನರ್ ಡ್ರಮ್ಮಿನ ನಡುವಿಗೆ ಬರ್ತದೆ.

ಗಾಳಿ ಮುಂದೆ 18ರಿಂದ 20, ಹಿಂದೆ ಒಬ್ಬರಿಗೆ 28, ಇಬ್ಬರಾದರೆ 32. ಪೆಟ್ರೋಲ್ ಬಂಕಿನ ಹುಡುಗರು ಕೇಳದೆ ಮುಂದಕ್ಕೂ 30 ಹಾಕಿಬಿಡ್ತಾರೆ ಮಾರಾಯ್ರೆ, ಆಮೇಲೆ ಮಳೆಯಲ್ಲಿ ಮುಂದಿನ ಚಕ್ರ ಜಾರ್ತದೆ ಅಂತ ಟಯರಿಗೆ ಬೈಯುವುದು.

ಮಲ್ಪೆ_ಗಾಳಿ

ಎಣ್ಣೆ ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲಕ್ಕೆ ಮೊದಲು ಸರ್ವಿಸ್ ಸ್ಟೇಷನ್‌ನಲ್ಲಿ ತುಕ್ಕು ಹಿಡಿಯದಿರಲಿ ಅಂತ ಅಡಿಗೆ ಆಯಿಲ್-ಡೀಸೆಲ್ ಸ್ಪ್ರೇ ಮಾಡ್ತಾರಲ್ಲ, ಆಗ ಎರಡೂ ಚಕ್ರಕ್ಕೆ ಗೋಣಿ ಸುತ್ತಿಸಿ. ಡೀಸೆಲ್ ರಬ್ಬರನ್ನು ಉಬ್ಬಿಸ್ತದೆ, ಡ್ರಮ್ಮಿಗೆ ಹೋದರೆ ಬ್ರೇಕ್ ಇಲ್ಲ. ಮತ್ತೆ ಹಳೇ ಇಂಜಿನ್ನಿನ ಬ್ರೀದರ್ ಪೈಪ್ (ಒಳಗಿನ ಎಣ್ಣೆ ಆವಿ ಹೊರಗೆ ಬಿಡುವ ಪೈಪ್) ಚೈನಿನ ಕಡೆಗೆ ಬಿಟ್ಟಿದ್ದರೆ ಹಿಂದಿನ ಟಯರಿನ ಎಡ ಗೋಡೆ ಮುಟ್ಟಿ ನೋಡಿ, ಜಿಡ್ಡು ಉಂಟಾದರೆ ಪೈಪನ್ನು ಉದ್ದ ಮಾಡಿ ಹಿಂದಕ್ಕೆ ಒಯ್ಯಿರಿ. ಎಡ ತಿರುವಿನಲ್ಲಿ ಮಾತ್ರ ಜಾರುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದು.

ಹೊಸ ಟಯರಿನ ಮೇಲ್ಮೈ ನುಣುಪಾಗಿರ್ತದೆ. ಸಾಧ್ಯವಾದರೆ ಮೇ ಮುಗಿಯುವ ಮೊದಲು ಹಾಕಿಸಿ 150 ಕಿ.ಮೀ. ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ವಾಲಿಸಿ. ಆಗುಂಬೆಯ 14 ತಿರುವು ಆಮೇಲೆ.

ಕಲ್ಯಾಣಪುರ_ಕಾಸ್ಟ್‌ಐರನ್

ಸರಿ. ಟಯರ್ ಬರುವುದರೊಳಗೆ ಮುಂದಿನ ರಿಮ್ಮು ಬಿಚ್ಚಿ ಉಜ್ಜಿ ನೋಡ್ತೇನೆ, ಬೆಸುಗೆ ಗೆರೆಯ ಫೋಟೋ ಇಲ್ಲೇ ಹಾಕ್ತೇನೆ. ಅದನ್ನು ನೋಡಿ ಪ್ರೈಮರ್ ಸಾಕಾ, ಹೊಸ ರಿಮ್ಮು ಬೇಕಾ ಅಂತ ಹೇಳಿ.