ಸೀಮಂತದ ಊಟಕ್ಕೆ ಮಾವಿನ ಹಣ್ಣಿನ ಗೊಜ್ಜು, ಸಿಹಿ: ಯಾವ ಹಣ್ಣು ಒಲೆಗೆ ಹಾಕಲಿ?

ತೋಟದಮನೆ_ಶ್ರೀನಿವಾಸಪುರ:

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ನಮ್ಮ ನಾದಿನಿಯ ಸೀಮಂತ ಇದೆ. ಮನೆಯಲ್ಲೇ ಮಾಡುತ್ತಿದ್ದೇವೆ, 30 ಎಲೆ ಆಗಬಹುದು. ಇಂಥ ಊಟ ಅಂದರೆ ಅನಾನಸ್ ಗೊಜ್ಜು, ಅನಾನಸ್ ಕೇಸರಿಬಾತ್ ಅಂತಲೇ ಎಲ್ಲರೂ ಪಟ್ಟಿ ಬರೆಯುತ್ತಾರೆ. ಬಸುರಿ ಇರುವ ಮನೆಯಲ್ಲಿ ಅನಾನಸ್, ಪರಂಗಿ ಎರಡೂ ಬೇಡ ಅಂತ ನಮ್ಮತ್ತೆ ಹೇಳಿಬಿಟ್ಟಿದ್ದಾರೆ. ನನಗೂ ಅದೇ ಸರಿ ಅನ್ನಿಸಿತು. ತೋಟದ ತುಂಬ ಮಾವು ಇಟ್ಟುಕೊಂಡು ಪೇಟೆಯಿಂದ ಅನಾನಸ್ ಯಾಕೆ ತರಬೇಕು, ಅಲ್ವಾ?

ನಮ್ಮಲ್ಲಿ ಜಾಸ್ತಿ ಇರುವುದು ತೋತಾಪುರಿ. ಬಾದಾಮಿ ಒಂದಷ್ಟು ಮರ, ಬಾವಿ ಪಕ್ಕ ರಸಪುರಿ ಎರಡು. ಬದುವಿನ ಮೇಲೆ ಮಾವನವರ ತಂದೆ ಕಾಲದ ನಾಟಿ ಮರ ಒಂದಿದೆ. ಅದರ ಹಣ್ಣು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಬರೀ ನಾರು, ಹುಳಿ ಮುಂದು. ಮಂಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮಕ್ಕಳು ಹೀರಿ ವಾಟೆ ಬಿಸಾಡುತ್ತಾರೆ ಅಷ್ಟೇ.

ಖಾರದ್ದು ಒಂದು, ಸಿಹಿ ಒಂದು ನಮ್ಮ ಹಣ್ಣಿನಲ್ಲೇ ಆಗಬೇಕು ಅಂತ ನನ್ನ ಆಸೆ. ಕಾಯಿಯ ಚಿತ್ರಾನ್ನ, ಮಾವಿನಕಾಯಿ ಪಪ್ಪು ನಮಗೆ ದಿನಾ ಇದ್ದದ್ದೇ. ನಾನು ಕೇಳುತ್ತಿರುವುದು ಹಣ್ಣಿನ ಅಡುಗೆ. ಗೊಜ್ಜಿಗೆ ಯಾವ ಹಣ್ಣು ಹಾಕಿದರೆ ಹೋಳು ಕರಗದೆ ನಿಲ್ಲುತ್ತದೆ? ಮಾವಿನ ಹಣ್ಣಿನ ಪಾಯಸ ಮಾಡಿದರೆ ಹಾಲು ಒಡೆಯದಂತೆ ಹೇಗೆ ನೋಡಿಕೊಳ್ಳುವುದು? ಇಲ್ಲ, ಪಾಯಸ ಬಿಟ್ಟು ಬೇರೆ ಸಿಹಿಯೇ ಒಳ್ಳೆಯದಾ? ಬಾದಾಮಿ ಹಣ್ಣನ್ನೇ ಎಲ್ಲದಕ್ಕೂ ಹಾಕಿಬಿಡೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ನಂದಿತಪ್ಪಲು:

ಮಾವಿನ ಬಗ್ಗೆ ಬೇರೆಯವರು ಹೇಳಲಿ. ನಾನು ನಮ್ಮ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಗೊಜ್ಜಿನ ವಿಷಯ ಹೇಳುತ್ತೇನೆ. ಬೆಂಗಳೂರು ನೀಲಿ ದ್ರಾಕ್ಷಿ ಇದೆಯಲ್ಲ, ಬೀಜ ಇರುವ ಕಪ್ಪು ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು, ಅದು ಗೊಜ್ಜಿಗೆ ಹೇಳಿ ಮಾಡಿಸಿದ ಹಣ್ಣು. ಹುಳಿ, ಸಿಹಿ, ಘಮ ಮೂರೂ ಇದೆ. ಅದನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದರೆ ಪೂರ್ತಿ ಕಹಿಯಾಗುತ್ತದೆ. ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಸಿಪ್ಪೆ ತಾನಾಗಿ ಕಳಚಿಕೊಳ್ಳುತ್ತದೆ, ಅದರ ಬಣ್ಣವೆಲ್ಲ ರಸಕ್ಕೆ ಇಳಿಯುತ್ತದೆ. ಆಮೇಲೆ ಜರಡಿಯಲ್ಲಿ ಸೌಟಿನಿಂದ ಉಜ್ಜಿ ಸೋಸಿಕೊಂಡರೆ ಬೀಜ ಮೇಲೆ ಉಳಿಯುತ್ತದೆ. ಹುಣಸೆ ಬೇಕಾಗುವುದಿಲ್ಲ. ಮಾವು ಮುಗಿದ ಮೇಲೆ ಇದನ್ನೂ ಮಾಡಿ ನೋಡಿ.

ಕೊಳಗ_ಸೌಟು:

ತಂಗಿ, ನಮ್ಮ ತಂದೆ ಮುಳಬಾಗಿಲಿನಲ್ಲಿ ಮದುವೆ ಅಡುಗೆ ಒಪ್ಪಿಕೊಂಡು ಮಾಡುತ್ತಿದ್ದರು. ನಾನು ಅವರ ಕೊಳಗದ ಪಕ್ಕ ನಿಂತು ಕಲಿತವನು, ಈಗಲೂ ಅದೇ ಕೆಲಸ. ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯಬೇಕು ಅನ್ನಿಸಿದ್ದು ಆ ಬದುವಿನ ಮರದ ಕಾರಣಕ್ಕೆ. ಯಾರೂ ಕೇಳದ ಹಣ್ಣು ಅಂದಿರಲ್ಲ, ನಿಮ್ಮ ತೋಟದಲ್ಲಿ ಗೊಜ್ಜಿಗೆ ಅಂತ ಇರುವ ಹಣ್ಣು ಅದೊಂದೇ.

ತಿನ್ನೋಕೆ ಒಳ್ಳೆಯ ಹಣ್ಣು ಬೇರೆ, ಒಲೆಗೆ ಒಳ್ಳೆಯ ಹಣ್ಣು ಬೇರೆ. ಬಾದಾಮಿಯ ಬೆಲೆ ಇರುವುದೇ ಅದರ ಘಮದಲ್ಲಿ. ಕುದಿಸಿದರೆ ಆ ಘಮ ಹಬೆಯ ಜೊತೆ ಹೋಗುತ್ತದೆ, ಕೈಯಲ್ಲಿ ಉಳಿಯುವುದು ಬರೀ ಸಿಹಿ. ಖಾರ, ಬೆಲ್ಲ, ಹುರಿದ ಎಳ್ಳಿನ ಮಧ್ಯೆ ಬರೀ ಸಿಹಿ ಹಣ್ಣು ಹಾಕಿದರೆ ಗೊಜ್ಜು ಮಂಕಾಗುತ್ತದೆ. ನಾಟಿ ಹಣ್ಣಿನಲ್ಲಿ ಹುಳಿ ಇದೆ, ಸೊಗಡು ಇದೆ. ನಾರು ಇರುವುದರಿಂದ ತಿರುಳು ವಾಟೆ ಬಿಟ್ಟು ಓಡುವುದಿಲ್ಲ. ಆದ್ದರಿಂದ ಮನೆಯವರಿಗೆ ಹೇಳಿ, ಬಾದಾಮಿ ಗೊಜ್ಜಿಗೆ ಬೇಡ.

30 ಎಲೆಗೆ 40 ಹಣ್ಣು ತೆಗೆದುಕೊಳ್ಳಿ. ಮರದಲ್ಲೇ ಹಣ್ಣಾಗಿ ಬಿದ್ದದ್ದು ಬೇಡ, ಅದು ಏಟು ತಿಂದಿರುತ್ತದೆ. ಬಲಿತ ಕಾಯಿ ಕಿತ್ತು ಹುಲ್ಲಿನಲ್ಲಿ ಅಡೆ ಹಾಕಿ. ಒತ್ತಿದರೆ ಬೆರಳು ಸ್ವಲ್ಪವೇ ಇಳಿಯಬೇಕು, ಆ ಹದ. ತೊಟ್ಟಿನ ಹತ್ತಿರ ಸೊನೆ ಇರುತ್ತದೆ. ಆ ಭಾಗ ಕತ್ತರಿಸಿ ತೆಗೆದು ಚೆನ್ನಾಗಿ ತೊಳೆಯಿರಿ, ಇಲ್ಲವಾದರೆ ಗಂಟಲು ಕೆರೆಯುತ್ತದೆ. ಸಿಪ್ಪೆ ಸುಲಿದು, ಆ ಸಿಪ್ಪೆಗಳನ್ನು ಒಂದು ಚೊಂಬು ನೀರಿನಲ್ಲಿ ಹಾಕಿ ಕೈಯಿಂದ ಕಿವುಚಿ. ಸಿಪ್ಪೆಗೆ ಅಂಟಿದ ತಿರುಳಿನಲ್ಲೇ ಅರ್ಧ ರುಚಿ ಇದೆ, ದಯವಿಟ್ಟು ಬಿಸಾಡಬೇಡಿ. ಆ ನೀರೇ ಗೊಜ್ಜಿನ ಎಸರು. ಹಣ್ಣುಗಳು ವಾಟೆ ಸಮೇತ ಇಡಿಯಾಗಿ ಇರಲಿ.

ಪುಡಿಗೆ ಬ್ಯಾಡಗಿ ಮೆಣಸಿನಕಾಯಿ 20, ಗುಂಟೂರು 5. ಕಡಲೆಬೇಳೆ ನಾಲ್ಕು ಚಮಚ, ಉದ್ದಿನಬೇಳೆ ಎರಡು ಚಮಚ, ಮೆಂತ್ಯ ಒಂದು ಸಣ್ಣ ಚಮಚ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಏನು ಮಾಡಿದರೂ ಕಹಿ ಹೋಗುವುದಿಲ್ಲ. ಬಿಳಿ ಎಳ್ಳು ಅರ್ಧ ಬಟ್ಟಲು ಬೇರೆಯಾಗಿ ಹುರಿಯಿರಿ, ಅದು ಬೇಗ ಸಿಡಿಯುತ್ತದೆ. ನಮ್ಮ ತಂದೆ ಎಳ್ಳಿನ ಜೊತೆ ಒಂದು ಹಿಡಿ ಹುಚ್ಚೆಳ್ಳೂ ಹಾಕುತ್ತಿದ್ದರು. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಆದರೆ ನನಗೆ ಆ ರುಚಿಯೇ ಇಷ್ಟ. ಕೊನೆಗೆ ಒಂದು ಬಟ್ಟಲು ಒಣ ಕೊಬ್ಬರಿ ತುರಿ, ಬಾಣಲೆಯ ಬಿಸಿಯಲ್ಲಿ ಆಡಿಸಿದರೆ ಸಾಕು. ಎಲ್ಲ ಆರಿದ ಮೇಲೆ ತರಿಯಾಗಿ ಪುಡಿ ಮಾಡಿ.

ಈಗ ಹೋಳು ಕರಗುವ ವಿಷಯ. ತುಂಬಾ ಜನ ಹಣ್ಣನ್ನು ಮೊದಲು ಬರೀ ನೀರಿನಲ್ಲಿ ಬೇಯಿಸಿ ಆಮೇಲೆ ಹುಣಸೆ, ಬೆಲ್ಲ ಹಾಕುತ್ತಾರೆ. ಅದು ತಲೆಕೆಳಗು. ಹಣ್ಣಿನ ತಿರುಳನ್ನು ಒಟ್ಟಿಗೆ ಹಿಡಿದಿರುವುದು ಪೆಕ್ಟಿನ್. ಹುಳಿ, ಬೆಲ್ಲ ಎರಡೂ ಎಸರಿನಲ್ಲಿ ಇದ್ದರೆ ಅದು ಬೇಗ ಕರಗುವುದಿಲ್ಲ, ಹಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಮೊದಲು ಒಗ್ಗರಣೆ: ಕಡಲೆಕಾಯಿ ಎಣ್ಣೆ ಧಾರಾಳವಾಗಿ, ಸಾಸಿವೆ, ಇಂಗು, ಕರಿಬೇವು. ಅದಕ್ಕೆ ನಿಂಬೆ ಗಾತ್ರದ ಹುಣಸೆಯ ರಸ, ಸಿಪ್ಪೆ ಕಿವುಚಿದ ನೀರು, ಕಾಲು ಕೆಜಿ ಬೆಲ್ಲ, ಉಪ್ಪು, ಅರಿಶಿನ. ಇದು ಚೆನ್ನಾಗಿ ಕುದಿದು ಹುಣಸೆಯ ಹಸಿ ವಾಸನೆ ಹೋಗಬೇಕು. ಆಮೇಲೆ ಹಣ್ಣು ಬಿಡಿ. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಹಣ್ಣು ಬೆಂದು ಬಣ್ಣ ಗಾಢವಾದಾಗ ಪುಡಿ ಉದುರಿಸಿ. ಅಂಚಿನಲ್ಲಿ ಎಣ್ಣೆ ಬಿಡುವವರೆಗೂ ಸಣ್ಣ ಉರಿ. ಆಗ ರುಚಿ ನೋಡಿ ಬೆಲ್ಲ ಬೇಕಾದರೆ ಇನ್ನಷ್ಟು. ನಾಟಿ ಹಣ್ಣಿನ ಹುಳಿ ಒಂದೊಂದು ವರ್ಷ ಒಂದೊಂದು ಥರ, ಅದಕ್ಕೆ ಬೆಲ್ಲದ ಲೆಕ್ಕ ಖಂಡಿತವಾಗಿ ಯಾರೂ ಹೇಳೋಕಾಗಲ್ಲ.

ಸಿಹಿಗೆ ಪಾಯಸಕ್ಕಿಂತ ಕೇಸರಿಬಾತ್ ಮಾಡಿ. ಇಲ್ಲಿ ನಿಮ್ಮ ತೋತಾಪುರಿಗೆ ಕೆಲಸ ಇದೆ. ಚಿತ್ತೂರು, ಕೃಷ್ಣಗಿರಿ ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ ನಮ್ಮೂರುಗಳಿಂದ ಲಾರಿಗಟ್ಟಲೆ ಹೋಗುವುದು ಅದೇ ಹಣ್ಣು. ತಿರುಳು ದಪ್ಪ, ನಾರು ಕಡಿಮೆ, ಬಿಸಿಗೆ ಹೆದರುವುದಿಲ್ಲ. ಘಮ ಮಾತ್ರ ಸಾಲದು. ಅದನ್ನು ತುಂಬೋಕೆ ಬಾದಾಮಿ. ಅರ್ಧ ಕೆಜಿ ಚಿರೋಟಿ ರವೆಯನ್ನು ತುಪ್ಪದಲ್ಲಿ ಘಮ್ ಅನ್ನುವವರೆಗೂ ಹುರಿಯಿರಿ. ಒಟ್ಟು ಕಾಲು ಕೆಜಿಗೆ ಕಡಿಮೆ ಇಲ್ಲದಂತೆ ತುಪ್ಪ ಇರಲಿ. ಒಂದೂಕಾಲು ಲೀಟರ್ ಕುದಿಯುವ ನೀರಿನಲ್ಲಿ ರವೆ ಪೂರ್ತಿ ಬೇಯಲಿ. ಸಕ್ಕರೆ ಆಮೇಲೆ. ಮೊದಲೇ ಹಾಕಿದರೆ ನೀರನ್ನೆಲ್ಲ ಸಕ್ಕರೆ ಹಿಡಿದುಕೊಂಡು ರವೆ ಅರಳುವುದಿಲ್ಲ. ಅರ್ಧ ಕೆಜಿ ಸಕ್ಕರೆ, ಕಾಲು ಲೀಟರ್ ತೋತಾಪುರಿ ತಿರುಳು ಹಾಕಿ ತಳ ಬಿಡುವವರೆಗೂ ಮಗುಚಿ. ಒಲೆ ಆರಿಸಿ. ಈಗ ಕಾಲು ಲೀಟರ್ ಬಾದಾಮಿ ತಿರುಳು, ಏಲಕ್ಕಿ, ಉಳಿದ ತುಪ್ಪ ಬೆರೆಸಿ ಮುಚ್ಚಿಡಿ. ಬಣ್ಣದ ಪುಡಿ ಬೇಡವೇ ಬೇಡ, ಹಣ್ಣೇ ಬಣ್ಣ ಕೊಡುತ್ತದೆ.

ಪಾಯಸವೇ ಬೇಕು ಅಂದರೆ ಒಡೆಯದಿರಲು ದಾರಿ ಇದೆ. ಬಿಸಿ ಹಾಲಿಗೆ ಹುಳಿ ಸೇರಿದರೆ ಅದು ಒಡೆಯಲೇಬೇಕು. ಹಾಲನ್ನು ಶ್ಯಾವಿಗೆ, ಸಕ್ಕರೆ ಹಾಕಿ ಕುದಿಸಿ ಪೂರ್ತಿ ಆರಿಸಿ. ಚೆನ್ನಾಗಿ ಮಾಗಿದ ಸಿಹಿ ಹಣ್ಣಿನ ತಿರುಳನ್ನು ಬಡಿಸುವ ಮುಂಚೆ ಬೆರೆಸಿ, ಮತ್ತೆ ಒಲೆಗೆ ಇಡಬೇಡಿ. ಸೀಮಂತದ ದಿನ ನಿಮಗೆ ಅಷ್ಟು ಪುರುಸೊತ್ತು ಇರುತ್ತದಾ ಅಂತ ಯೋಚನೆ ಮಾಡಿ.

ತೋಟದಮನೆ_ಶ್ರೀನಿವಾಸಪುರ:

ಅಣ್ಣ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ನಿಮ್ಮ ಬರಹವನ್ನು ನಮ್ಮತ್ತೆಗೆ ಓದಿ ಹೇಳಿದೆ. ಸಿಪ್ಪೆ ಕಿವುಚಿದ ನೀರಿನ ಮಾತು ಬಂದಾಗ ಅವರ ತಾಯಿಯೂ ಹಾಗೇ ಮಾಡುತ್ತಿದ್ದರು ಅಂತ ಖುಷಿಪಟ್ಟರು. ಗೊಜ್ಜು ಹಿಂದಿನ ದಿನವೇ ಮಾಡಿಡಬಹುದಾ? ಇನ್ನೊಂದು, ರಸಪುರಿ ಹಣ್ಣಿಗೆ ಏನೂ ಹೇಳಲಿಲ್ಲ ನೀವು.

ಕೊಳಗ_ಸೌಟು:

ಗೊಜ್ಜು ಹಿಂದಿನ ಸಂಜೆಯೇ ಮಾಡಿ, ಅದೇ ಸರಿ. ರಾತ್ರಿ ಕಳೆದರೆ ಹಣ್ಣು ಖಾರ ಹೀರಿಕೊಳ್ಳುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಇಡಿ. ಕಲಾಯಿ ಇಲ್ಲದ ಹಿತ್ತಾಳೆ, ಅಲ್ಯೂಮಿನಿಯಂ ಎರಡೂ ಹುಳಿಗೆ ಆಗುವುದಿಲ್ಲ. ಪೂರ್ತಿ ಆರಿದ ಮೇಲೆ ಫ್ರಿಜ್‌ಗೆ ಹಾಕಿ, ಬೆಳಗ್ಗೆ ಒಮ್ಮೆ ಕುದಿ ಬರಿಸಿ.

ರಸಪುರಿ ಒಲೆಗೆ ಬೇಡ. ಅದನ್ನು ಸೀಕರಣೆ ಮಾಡಿ. ಹಣ್ಣನ್ನು ಕೈಯಲ್ಲಿ ಮೆತ್ತಗೆ ಮಾಡಿ ಹಿಂಡಿ, ಸ್ವಲ್ಪ ಬೆಲ್ಲದ ಪುಡಿ, ಏಲಕ್ಕಿ, ಕಾಯಿಹಾಲು ಸೇರಿಸಿ. ಹಸುವಿನ ಹಾಲಾದರೆ ಕಾಯಿಸಿ ಆರಿಸಿದ್ದು. ಹೋಳಿಗೆ ಮಾಡುತ್ತಿದ್ದರೆ ಅದರ ಪಕ್ಕ ಬಡಿಸಿ. ಇದು ಮಾತ್ರ ಎಲೆ ಹಾಕುವ ಹೊತ್ತಿಗೆ ಮಾಡಬೇಕು.

ಗುಬ್ಬಿ_ಹಲಸು:

ಕೊಳಗ_ಸೌಟು ಅಣ್ಣನವರ ಮಾತು ಹಲಸಿಗೂ ಹಾಗೇ ಹೊಂದುತ್ತದೆ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಕೇಳಿರಬಹುದು. ತೊಳೆ ತಾಮ್ರದ ಬಣ್ಣ, ಹಣ್ಣು ಚಿಕ್ಕದು, ಬಲು ಸಿಹಿ. ಆ ಒಂದು ಮರದಿಂದ ಕಸಿ ಗಿಡ ಮಾಡಿ ಬೆಳೆಸೋಕೆ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೇ ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ಅಂಥ ತೊಳೆ ಸಿಕ್ಕಿದರೆ ಹಾಗೇ ತಿನ್ನಬೇಕು, ಜೇನುತುಪ್ಪ ಕೂಡ ಬೇಕಿಲ್ಲ.

ಕಡುಬಿಗೆ ಬೇಕಾದದ್ದು ಬೇಲಿ ಸಾಲಿನ ಮರದ ಮೆತ್ತನೆ ತೊಳೆ, ಬಾಯಲ್ಲಿ ಇಟ್ಟರೆ ಜಾರುತ್ತದಲ್ಲ ಅದು. ಬಿಡಿಸುವಾಗ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳಿ, ಅಂಟು ಹಿಡಿಯುವುದಿಲ್ಲ. ತೊಳೆ ರುಬ್ಬಿ, ಅದರಷ್ಟೇ ಅಕ್ಕಿ ತರಿ, ಕಾಯಿ ತುರಿ, ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ನೀರು ಹಾಕಬೇಡಿ, ಹಣ್ಣಿನ ರಸದಲ್ಲೇ ಅಕ್ಕಿ ತರಿ ನೆನೆಯಬೇಕು, ಅರ್ಧ ಗಂಟೆ ಬಿಡಿ. ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಬೇಯಿಸಿ, ಮೇಲೆ ತುಪ್ಪ. ನಿಮ್ಮ ಕಡೆಯೂ ಜೂನ್‌ನಲ್ಲಿ ಹಲಸು ಸಿಗುತ್ತದೆ. ಬೀಜ ಎತ್ತಿಟ್ಟುಕೊಳ್ಳಿ. ಮಾರನೆಯ ದಿನ ಉಳಿದ ನೆಂಟರಿಗೆ ಹಲಸಿನ ಬೀಜ, ಬದನೆಕಾಯಿ ಹುಳಿ, ಬಿಸಿ ಮುದ್ದೆ.

ತೋಟದಮನೆ_ಶ್ರೀನಿವಾಸಪುರ:

ಸರಿ, ನಿರ್ಧಾರ ಆಯಿತು. ನಾಟಿ ಹಣ್ಣಿನ ಗೊಜ್ಜು, ಎರಡು ತಿರುಳಿನ ಕೇಸರಿಬಾತ್, ಹೋಳಿಗೆ ಪಕ್ಕ ರಸಪುರಿ ಸೀಕರಣೆ. ಕಡುಬು ಬೆಳಗಿನ ತಿಂಡಿಗೆ ಇಟ್ಟುಕೊಳ್ಳುತ್ತೇವೆ. ಅಣ್ಣ, ಒಂದೇ ಒಂದು ಕೇಳಬೇಕು. ಬದುವಿನ ಮರದ ಕಾಯಿ ಯಾವಾಗ ಕೀಳಬೇಕು? ತೋತಾಪುರಿ ಥರ ಬಣ್ಣ ನೋಡಿ ಗೊತ್ತಾಗುವುದಿಲ್ಲ ಅದು, ಹಸಿರಾಗೇ ಇರುತ್ತದೆ.

ಕೊಳಗ_ಸೌಟು:

ಬಣ್ಣ ಬಿಡಿ, ಭುಜ ನೋಡಿ. ತೊಟ್ಟಿನ ಎರಡೂ ಕಡೆ ಉಬ್ಬಿ ತೊಟ್ಟು ಒಳಗೆ ಇಳಿದ ಹಾಗೆ ಕಂಡರೆ ಕಾಯಿ ಬಲಿತಿದೆ. ಒಂದು ಕೊಯ್ದು ನೋಡಿ: ವಾಟೆ ಗಟ್ಟಿಯಾಗಿರಬೇಕು, ಅದರ ಸುತ್ತ ತಿರುಳು ಹಳದಿಗೆ ತಿರುಗಿರಬೇಕು. ಸೀಮಂತಕ್ಕೆ ಒಂದು ವಾರ ಮುಂಚೆ ತೊಟ್ಟು ಸಮೇತ ಕಿತ್ತು, ಸೊನೆ ಇಳಿಯೋಕೆ ತಲೆಕೆಳಗಾಗಿ ಇಟ್ಟು, ಆಮೇಲೆ ಹುಲ್ಲಿಗೆ ಹಾಕಿ. ಎರಡು ದಿನಕ್ಕೊಮ್ಮೆ ತೆಗೆದು ನೋಡುತ್ತಿರಿ, ಬೇಗ ಹಣ್ಣಾದದ್ದನ್ನು ಮಕ್ಕಳಿಗೆ ಕೊಡಿ. ಅದಕ್ಕೇ 40ರ ಮೇಲೆ ಒಂದು ಬುಟ್ಟಿ ಜಾಸ್ತಿಯೇ ಕೀಳಿಸಿ.