ಗ್ಯಾಲಕ್ಸಿ ಗುಚ್ಛಗಳ ಕಾಂತಕ್ಷೇತ್ರವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ)

ಕಳೆದ ವಾರ ಹತ್ತನೆಯ ತರಗತಿಯಲ್ಲಿ ದಂಡಕಾಂತದ ಮೇಲೆ ಬಿಳಿ ಹಾಳೆಯಿಟ್ಟು, ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಪುಡಿಯನ್ನು ಉದುರಿಸಿ, ಹಾಳೆಯ ಅಂಚನ್ನು ಮೆಲ್ಲಗೆ ತಟ್ಟಿದಾಗ ಬಲರೇಖೆಗಳು ಚೆನ್ನಾಗಿ ಮೂಡಿದವು. ಗ್ಯಾಲಕ್ಸಿ ಗುಚ್ಛಗಳಲ್ಲಿಯೂ ಕಾಂತಕ್ಷೇತ್ರವಿದೆ ಎಂದು ಹೇಳಿದೊಡನೆ ಒಬ್ಬ ಹುಡುಗಿ ಎದ್ದು, "ಅಲ್ಲಿ ಪುಡಿ ಉದುರಿಸಿದವರು ಯಾರು ಟೀಚರ್?" ಎಂದು ಕೇಳಿದಳು. ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ (ಭೌತಶಾಸ್ತ್ರ ಉಪನ್ಯಾಸಕ, ಬಳ್ಳಾರಿ)

ಮೇಡಂ, ಅಲ್ಲಿ ಪುಡಿಯ ಕೆಲಸವನ್ನು ಎಲೆಕ್ಟ್ರಾನುಗಳು ಮಾಡುತ್ತವೆ. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನು ಕಾಂತಕ್ಷೇತ್ರಕ್ಕೆ ಸಿಕ್ಕು ಸುರುಳಿ ಸುತ್ತುವಾಗ ಸಿಂಕ್ರೋಟ್ರಾನ್ ವಿಕಿರಣವನ್ನು ಹೊಮ್ಮಿಸುತ್ತದೆ. ಅದೇ ನಮಗೆ ರೇಡಿಯೋ ಅಲೆಯಾಗಿ ತಲುಪುತ್ತದೆ. 30 ಕೋಟಿ ಜ್ಯೋತಿರ್ವರ್ಷಗಳಿಗೂ ದೂರದ ಕೋಮಾ ಗುಚ್ಛದಲ್ಲಿ ಇಂಥ ಪ್ರಭೆ ಯಾವ ಒಂದು ಗ್ಯಾಲಕ್ಸಿಗೂ ಸೇರದೆ, ಅವುಗಳ ನಡುವಿನ ಬಿಸಿ ಅನಿಲದಲ್ಲೆಲ್ಲ ಹರಡಿಕೊಂಡಿದೆ. ಕ್ಷೇತ್ರದ ಬಲ ಕೆಲವು ಮೈಕ್ರೋಗೌಸ್ (ಕಾಂತಕ್ಷೇತ್ರದ ಏಕಮಾನವಾದ ಗೌಸ್‌ನ ಹತ್ತು ಲಕ್ಷದ ಒಂದು ಭಾಗ) ಮಾತ್ರ. ನಿಮ್ಮ ಪ್ರಯೋಗಾಲಯದ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕ್ಷೇತ್ರವು ಅದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಬಲವಾದದ್ದು.

ಉತ್ತರ (ಹವ್ಯಾಸಿ ಖಗೋಳ ವೀಕ್ಷಕ, ರಾಯಚೂರು)

ಸರ್ ಹೇಳಿದ್ದು ಸರಿ. ಆದರೆ ಪ್ರಭೆಯಿಂದಲೇ ಬಲವನ್ನು ಲೆಕ್ಕ ಹಾಕಲು ಎಲೆಕ್ಟ್ರಾನುಗಳ ಶಕ್ತಿಯ ಬಗ್ಗೆ ಊಹೆ ಮಾಡಿಕೊಳ್ಳಬೇಕಾಗುತ್ತದೆ. ನನಗೆ ಹೆಚ್ಚು ನಂಬಿಕೆಯಿರುವುದು ಫ್ಯಾರಡೆ 1845ರಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ. ಗುಚ್ಛದ ಹಿಂದಿರುವ ರೇಡಿಯೋ ಗ್ಯಾಲಕ್ಸಿಯ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಅಲೆಗಳು ಗುಚ್ಛದ ಅನಿಲವನ್ನು ಹಾಯ್ದು ಬರುವಾಗ ಅವುಗಳ ಕಂಪನದ ದಿಕ್ಕು ತಿರುಗುತ್ತದೆ, ಮತ್ತು ಆ ಕೋನ ತರಂಗಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: 10 ಸೆಂ.ಮೀ. ಅಲೆಗಿಂತ 20 ಸೆಂ.ಮೀ. ಅಲೆ ನಾಲ್ಕು ಪಟ್ಟು ತಿರುಗುತ್ತದೆ. ಹಲವು ತರಂಗಾಂತರಗಳಲ್ಲಿ ಅಳೆದು ಗ್ರಾಫ್ ಎಳೆದು, ರೇಖೆಯ ಇಳಿಜಾರಿನ ಜೊತೆಗೆ ಎಕ್ಸ್-ರೇ ವೀಕ್ಷಣೆಯಿಂದ ಅನಿಲದ ಸಾಂದ್ರತೆಯನ್ನೂ ತಿಳಿದರೆ ಕ್ಷೇತ್ರದ ಅಂದಾಜು ಸಿಗುತ್ತದೆ. ಅದೂ ನಮ್ಮ ದೃಷ್ಟಿರೇಖೆಯ ಉದ್ದಕ್ಕಿರುವ ಭಾಗದ್ದು ಮಾತ್ರ. ದಾರಿಯಲ್ಲಿ ಕ್ಷೇತ್ರ ಹಿಂದುಮುಂದಾದರೆ ತಿರುಗುವಿಕೆ ಒಂದನ್ನೊಂದು ಅಳಿಸಿಹಾಕುತ್ತದೆ.

ಉತ್ತರ (ಬಳ್ಳಾರಿಯ ಉಪನ್ಯಾಸಕ)

ಒಪ್ಪಿದೆ. ಒಂದು ತೊಡಕನ್ನೂ ಹೇಳಬೇಕು. ಹರಡಿದ ಪ್ರಭೆ ಕಡಿಮೆ ಆವೃತ್ತಿಯಲ್ಲಿ ಹೆಚ್ಚು ಪ್ರಖರ. ಪುಣೆ ಸಮೀಪದ ಖೋಡದ್‌ನಲ್ಲಿರುವ, 45 ಮೀಟರ್ ವ್ಯಾಸದ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಅದಕ್ಕೆ ಹೇಳಿಮಾಡಿಸಿದ್ದು. ಆದರೆ ಅಷ್ಟು ಉದ್ದದ ಅಲೆಗಳಲ್ಲಿ ಧ್ರುವೀಕರಣ ಕಲಸಿಹೋಗುವುದರಿಂದ ಫ್ಯಾರಡೆ ಅಳತೆಗೆ ಚಿಕ್ಕ ಅಲೆಗಳೂ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇದನ್ನು ತರಗತಿಯಲ್ಲಿ ತೋರಿಸಬಹುದೇ?

ಉತ್ತರ (ರಾಯಚೂರು)

ಮೇಡಂ, ಒಂದೇ ದಿಕ್ಕಿನ ಕಂಪನದ ಬೆಳಕನ್ನು ಮಾತ್ರ ಹಾಯಬಿಡುವ ಎರಡು ಪೊಲರಾಯ್ಡ್ ಹಾಳೆಗಳ ನಡುವೆ ಗಾಜಿನ ಲೋಟದಲ್ಲಿ ದಟ್ಟ ಸಕ್ಕರೆ ಪಾಕವನ್ನಿಟ್ಟು, ಹಿಂದಿನಿಂದ ಟಾರ್ಚ್ ಹಿಡಿದು, ಮುಂದಿನ ಹಾಳೆಯನ್ನು ನಿಧಾನವಾಗಿ ತಿರುಗಿಸಿರಿ. ಬಣ್ಣಗಳು ಬದಲಾಗುತ್ತ ಹೋಗುವುದು ಕಾಣುತ್ತದೆ. ಇಲ್ಲಿ ಬೆಳಕನ್ನು ತಿರುಗಿಸುವುದು ಸಕ್ಕರೆಯ ಅಣುವೇ ಹೊರತು ಕಾಂತಕ್ಷೇತ್ರವಲ್ಲ ಎಂಬುದನ್ನೂ, ಪಾಕದಲ್ಲಿ ಚಿಕ್ಕ ಅಲೆಯ ನೀಲಿ ಹೆಚ್ಚು ತಿರುಗಿದರೆ ಗುಚ್ಛದಲ್ಲಿ ಉದ್ದನೆಯ ಅಲೆ ಹೆಚ್ಚು ತಿರುಗುತ್ತದೆ ಎಂಬುದನ್ನೂ ಆ ಹುಡುಗಿಗೆ ತಪ್ಪದೆ ಹೇಳಿರಿ.